ಗುಲಾಬಿಗೆ ತಿರುಗಿದ ಐದು ಪೆಟ್ಟಿಗೆಗಳು

ಆ ಪೆಟ್ಟಿಗೆಗಳ ಪಕ್ಕೆಯಲ್ಲಿ ಹೆಬ್ಬೆರಳಿನಗಲದ ಒಂದು ಗಾಜಿನ ಕಿಟಕಿ ಇತ್ತು. ಅದರ ಹಿಂದೆ ಒಂದು ಬಣ್ಣದ ಬಿಲ್ಲೆ. ಬಿಲ್ಲೆ ನೀಲಿಯಾಗಿದ್ದರೆ ಪೆಟ್ಟಿಗೆಯೊಳಗಿನ ಗಾಳಿ ಒಣಗಿದೆ ಎಂದರ್ಥ. ಗುಲಾಬಿಗೆ ತಿರುಗಿದ್ದರೆ ಒಳಗೆ ತೇವ ಸೇರಿದೆ ಎಂದರ್ಥ. ಇಷ್ಟು ತಿಳಿದುಕೊಂಡರೆ ಸಾಕು. ನಾನು ಹೇಳಹೊರಟ ದಿನಗಳಲ್ಲಿ ದೊಡ್ಡ ದೊಡ್ಡ ಓದು ಓದಿಕೊಂಡವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದದ್ದೂ ಆ ಬಿಲ್ಲೆಗಳನ್ನೇ.

ಕಾರ್ಗಿಲ್ ಯುದ್ಧ ನಡೆಯುತ್ತಿತ್ತು. ಹೈದರಾಬಾದಿಗೆ ಆಗಷ್ಟೇ ಮಳೆ ಹಿಡಿದಿತ್ತು. ನಾನು ಸೈನ್ಯಕ್ಕೆ ಉಪಕರಣ ಮಾಡಿಕೊಡುವ ಒಂದು ಸರಕಾರಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಎಂಜಿನಿಯರ್. ದಿಲ್‌ಸುಖ್‌ನಗರದ ಮನೆಯಿಂದ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಎಲ್ಲರೂ ಪೇಪರು ಬಿಡಿಸಿಕೊಂಡು ಯುದ್ಧ ಮಾಡುತ್ತಿದ್ದರು. ನಾವು ಕಾರ್ಖಾನೆಯವರು ಮಾತ್ರ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು.

ಬಂದದ್ದು ಒಂದು ಡಜನ್ ಕ್ಯಾಮರಾ, ಪೆಟ್ಟಿಗೆಗೊಂದರಂತೆ. ಬೆಳಕಿನಿಂದಲ್ಲ, ಶಾಖದಿಂದ ನೋಡುವ ಕ್ಯಾಮರಾ. ಗವ್ವೆನ್ನುವ ಕತ್ತಲಿನಲ್ಲೂ ಬಂಡೆಯ ಮರೆಯಲ್ಲಿ ಕೂತ ಮನುಷ್ಯನ ಮೈಬಿಸಿ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ನಮ್ಮಲ್ಲಿ ಆಗ ಅಂಥವು ತೀರ ಕಡಿಮೆ. ಒಂದು ಸ್ನೇಹದ ದೇಶ ಕೊಡುತ್ತೇನೆಂದಿತು. ಯಾವ ದೇಶ ಎಂದು ನಾನು ಬರೆಯುವುದಿಲ್ಲ. ಆಗಲೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಸದು ತಯಾರಿಸಲು ಪುರುಸೊತ್ತಿಲ್ಲವೆಂದು ಅವರು ತಮ್ಮ ಸೈನಿಕರ ಬಳಿ ಇದ್ದವುಗಳನ್ನೇ ಹಿಂದಕ್ಕೆ ತೆಗೆದುಕೊಂಡು ವಿಮಾನಕ್ಕೆ ಹಾಕಿದ್ದರು. ಅವರ ಬ್ಯಾಟರಿ ನಮ್ಮ ಸೈನ್ಯದಲ್ಲಿ ಸಿಗುವುದಲ್ಲ. ಆದ್ದರಿಂದ ನಮ್ಮ ಬ್ಯಾಟರಿಗೆ ಹೊಂದುವ ಕೇಬಲ್ಲು, ಮೂರು ಕಾಲಿನ ಸ್ಟ್ಯಾಂಡು ಎರಡನ್ನೂ ನಮ್ಮ ಕಾರ್ಖಾನೆ ಮಾಡಿ ಜೋಡಿಸಿ, ಪರೀಕ್ಷಿಸಿ, ಬೇಗಂಪೇಟೆಯಿಂದ ಹೊರಡುವ ಸೈನ್ಯದ ಸರಕು ವಿಮಾನಕ್ಕೆ ಒಪ್ಪಿಸಬೇಕಿತ್ತು. ಕೇಬಲ್ಲು, ಸ್ಟ್ಯಾಂಡು ಮೊದಲೇ ತಯಾರಾಗಿ ಕೂತಿದ್ದವು.

ಕ್ಯಾಮರಾಗಳನ್ನು ಒಯ್ಯಲು ಒಬ್ಬ ಸುಬೇದಾರರು ಬಂದಿದ್ದರು. ಗೋಕಾಕದ ಕಡೆಯವರು. ಮೇಲಿನಿಂದ ಇಳಿದು ಬಂದವರ ಮೂಗು, ಕೆನ್ನೆ ಹಿಮದ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿದ್ದವು. ನಾನು ಬಾಗಲಕೋಟೆಯವಳೆಂದು ತಿಳಿದದ್ದೇ ತಡ, ಮೇಡಂ ಹೋಗಿ ಅಕ್ಕಾರ ಆಯಿತು. ಮನುಷ್ಯ ಒಂದು ಕಡೆ ಕೂರುವವರಲ್ಲ. ಕುರ್ಚಿ ಕೊಟ್ಟರೆ ಕುರ್ಚಿಯ ಸುತ್ತ ಸುತ್ತುತ್ತಿದ್ದರು.

"ನಮ್ಮ ಹುಡುಗ್ರು ಕತ್ತಲ್ಯಾಗ ಕಲ್ಲ ಹಿಡಕೊಂಡು ಏರಾಕತ್ತಾರ್ರಿ ಅಕ್ಕಾರ. ಮ್ಯಾಲ ಯಾವ ಬಂಡೆ ಹಿಂದ ಯಾರ ಕುಂತಾರ ಗೊತ್ತಾಗೂದಿಲ್ಲ. ಅಂವ ಗುಂಡ ಹೊಡದ ಮ್ಯಾಲನ ಅಂವ ಎಲ್ಲಿ ಅದಾನಂತ ಗೊತ್ತಾಗೂದು. ಅಷ್ಟೊತ್ತಿಗೆ ನಮ್ಮಂವ ಒಬ್ಬ ಹೋಗಿರ್ತಾನ."

ಇದನ್ನು ಅವರು ಚಹಾ ಊದಿಕೊಳ್ಳುತ್ತ ಹೇಳಿದರು. ನಾನು ನನ್ನ ಕಪ್ಪು ಕೆಳಗಿಟ್ಟೆ.

ಲಾರಿ ಮಧ್ಯಾಹ್ನ ಬಂತು. ಜಿಟಿಜಿಟಿ ಮಳೆ. ನಮ್ಮಲ್ಲಿ ಹೊಸ ಯಂತ್ರವಿರಲಿ, ಹೊಸ ಮೇಜಿರಲಿ, ಪೂಜೆಯಾಗದೆ ಒಳಗೆ ಬಂದದ್ದಿಲ್ಲ. ಅದರ ಉಸ್ತುವಾರಿ ಗೋದಾಮಿನ ಮೇಸ್ತ್ರಿಯದು. ಆತ ರಾಯಚೂರಿನ ಕಡೆಯವನು, ನಿವೃತ್ತಿಗೆ ಹತ್ತಿರವಾದವನು, ನಾನು ಕಾಕಾ ಎನ್ನುತ್ತಿದ್ದೆ. ಮಾಮೂಲಿ ದಿನಗಳಲ್ಲಿ ಒಂದು ತೆಂಗಿನಕಾಯಿ, ಒಂದು ನಿಂಬೆಹಣ್ಣಿನಲ್ಲಿ ಮುಗಿಯುತ್ತಿತ್ತು. ಅವತ್ತು ಯುದ್ಧದ ಸಾಮಾನು ಎಂದು ಕಾಕಾ ಒಂದು ಹೆಜ್ಜೆ ಮುಂದೆಯೇ ಹೋಗಿದ್ದ. ಪ್ರತಿ ಪೆಟ್ಟಿಗೆಗೂ ಅರಿಷಿಣ ಕುಂಕುಮ, ಪ್ರತಿ ಪೆಟ್ಟಿಗೆಗೂ ಚೆಂಡುಹೂ, ಪ್ರತಿ ಪೆಟ್ಟಿಗೆಗೂ ಊದಿನಕಡ್ಡಿ. ನಮ್ಮ ದೊಡ್ಡ ಸಾಹೇಬರು, ಅಂದರೆ ಜನರಲ್ ಮ್ಯಾನೇಜರು, ಬೂಟು ಬಿಚ್ಚಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಬಂದು ತಾವೇ ಆರತಿ ಎತ್ತಿದರು. ಸುಬೇದಾರರು ಟೋಪಿ ತೆಗೆದು ಕಣ್ಣು ಮುಚ್ಚಿ ನಿಂತಿದ್ದರು. ನನಗೂ ಕಣ್ಣು ತುಂಬಿ ಬಂತು ಅಂತ ಹೇಳಲು ನಾಚಿಕೆಯೇನಿಲ್ಲ. ಎಲ್ಲರೂ ಕೊಬ್ಬರಿ ತಿಂದೆವು.

ಮಾಲು ಬಂದ ಕೂಡಲೇ ಬಿಲ್ಲೆಗಳನ್ನು ನೋಡಿ ದಾಖಲಿಸಬೇಕು ಎಂಬುದು ನಿಯಮ. ನಾನು ಕೇಳಿದೆ. ದೊಡ್ಡ ಸಾಹೇಬರು, "ಮಂಗಳಾರತಿ ಆಯ್ತಲ್ಲಮ್ಮ. ಇವತ್ತು ಒಳಗಿಡಲಿ, ಪರೀಕ್ಷೆ ನಾಳೆ. ಅವರ ತಜ್ಞನೂ ನಾಳೆ ಬೆಳಗ್ಗೆ ಬರ್ತಾನೆ, ಇಬ್ಬರೂ ಒಟ್ಟಿಗೆ ನೋಡಿ" ಎಂದರು. ಆದರೂ ಲಾರಿಯ ತುದಿಯಲ್ಲಿದ್ದ ಎರಡು ಪೆಟ್ಟಿಗೆಗಳ ಬಿಲ್ಲೆಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಎರಡೂ ನೀಲಿ. ಉಳಿದವಕ್ಕೆಲ್ಲ ಮುಚ್ಚಳಕ್ಕೆ ಹಚ್ಚಿದ ಕುಂಕುಮವನ್ನು ಒಂದಕ್ಕೆ ಮಾತ್ರ ಬಿಲ್ಲೆಯ ಪಕ್ಕಕ್ಕೇ ಬಳಿದು, ನೀಲಿ ಕೆಂಪು ಜೊತೆಯಾಗಿ ಎದ್ದು ಕಾಣುತ್ತಿತ್ತು.

ಮರುದಿನ ಬೆಳಗ್ಗೆ ಗೋದಾಮಿನ ಬಾಗಿಲು ತೆಗೆಸಿ ಒಂದೊಂದಾಗಿ ನೋಡುತ್ತ ಹೋದೆ. ನೀಲಿ, ನೀಲಿ, ಗುಲಾಬಿ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಗುಲಾಬಿಯೇ. ಹನ್ನೆರಡರಲ್ಲಿ ಐದು ತಿರುಗಿಬಿಟ್ಟಿದ್ದವು.

ಪೆಟ್ಟಿಗೆಯ ತೇವ ಕ್ಯಾಮರಾದೊಳಗೂ ಸೇರಿದರೆ ಏನಾಗುತ್ತದೆ? ಹೈದರಾಬಾದಿನಲ್ಲಿ ಏನೂ ಆಗುವುದಿಲ್ಲ. ಕ್ಯಾಮರಾ ಚೆನ್ನಾಗಿ ಕಾಣಿಸುತ್ತದೆ, ಎಲ್ಲರೂ ಭೇಷ್ ಎನ್ನುತ್ತಾರೆ. ಅದೇ ಕ್ಯಾಮರಾವನ್ನು ಮೇಲೆ ಹಿಮದ ಚಳಿಗೆ ಒಯ್ದರೆ ಒಳಗಿನ ತೇವ ಗಾಜಿನ ಒಳಮೈಗೆ ಇಬ್ಬನಿಯಾಗಿ ಕೂತು ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಹುಡುಗ ಕ್ಯಾಮರಾ ನಂಬಿಕೊಂಡು ಅರ್ಧ ಗುಡ್ಡ ಏರಿರುತ್ತಾನೆ, ಆಗ ಕುರುಡು.

ವಿದೇಶಿ ತಜ್ಞ ಬಂದಿಳಿದ. ಬಿಳಿಗೂದಲಿನ ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಅವನ ಸಲಕರಣೆಯ ಸೂಟ್‌ಕೇಸು ದಾರಿಯಲ್ಲಿ ಯಾವುದೋ ವಿಮಾನ ನಿಲ್ದಾಣದಲ್ಲೇ ಉಳಿದುಹೋಗಿತ್ತು. ಬರಿಗೈಯಲ್ಲಿ ಬಂದವನಿಗೆ ಗುಲಾಬಿ ಬಿಲ್ಲೆಗಳನ್ನು ತೋರಿಸಿದೆವು. ಬಗ್ಗಿ ಐದನ್ನೂ ನೋಡಿ ಎದ್ದು ನಿಂತು, "ಹೊರಡುವಾಗ ನೀಲಿ ಇದ್ದವು. ನಾನೇ ನೋಡಿದ್ದೇನೆ" ಎಂದ.

"ಬರುವಾಗಲೇ ಹೀಗಿದ್ದವು" ಎಂದರು ದೊಡ್ಡ ಸಾಹೇಬರು.

ಅಲ್ಲಿಂದ ಶುರುವಾಯಿತು ನೋಡಿ. ಸಾಹೇಬರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಮಾತೂ ಅದರ ಹಾಗೆಯೇ ಅಲ್ಲಲ್ಲೇ ತಿರುಗುತ್ತಿತ್ತು. ಕೊನೆಗೆ ತಜ್ಞ ತನ್ನ ಕಡೆಯ ನಿಯಮವನ್ನು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ತಪ್ಪು ನಮ್ಮದು ಎಂದು ನೀವು ಬರೆದುಕೊಟ್ಟರೆ ಇದು ತಕರಾರಿನ ಮಾಲು. ಆಮೇಲೆ ನಾನು ಒಂದು ತಿರುಪನ್ನೂ ಮುಟ್ಟುವ ಹಾಗಿಲ್ಲ. ನಮ್ಮ ದೇಶದಿಂದ ತನಿಖೆಗೆ ಜನ ಬರಬೇಕು. ಇವತ್ತು ಅಲ್ಲಿ ವಾರದ ರಜೆ, ಫೋನು ಎತ್ತುವವರೂ ಇಲ್ಲ. ಬದಲಿ ಕ್ಯಾಮರಾ ಬರುತ್ತವೆ, ಆದರೆ ವಾರಗಟ್ಟಲೆ ಆಗುತ್ತದೆ. ತಪ್ಪು ನಿಮ್ಮ ಕಡೆಯದು ಎಂದು ಒಪ್ಪಿಕೊಂಡರೆ ಬದಲಿ ಸಿಗುವುದಿಲ್ಲ. ಆದರೆ ಆಗ ಇದು ಬರೀ ರಿಪೇರಿ. ಅದಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ, ಈಗಲೇ ಕೋಟು ಬಿಚ್ಚುತ್ತೇನೆ.

"ಉಳಿದ ಏಳು?" ಎಂದು ಕೇಳಿದೆ.

"ಒಂದೇ ಮಾಲು, ಒಂದೇ ರಸೀದಿ. ತಕರಾರೆಂದರೆ ಹನ್ನೆರಡಕ್ಕೂ ತಕರಾರು."

ಸಾಹೇಬರು ಟೈಪಿಸ್ಟನನ್ನು ಕರೆಸಿ ತಕರಾರಿನ ಪತ್ರ ಹೊಡೆಸಲು ಕೂತರು. ಅವರ ಮಾತನ್ನೂ ತೀರ ತೆಗೆದುಹಾಕುವಂತಿಲ್ಲ. ಯುದ್ಧಕಾಲ, ಸ್ನೇಹದ ದೇಶ ತನ್ನ ಸೈನಿಕರ ಕೈಯಿಂದ ಬಿಡಿಸಿ ಕೊಟ್ಟ ಮಾಲು, ಒಂದೇ ರಾತ್ರಿಯಲ್ಲಿ ಕೆಡಿಸಿದೆವು ಎಂದು ಒಪ್ಪಿಕೊಂಡರೆ ದಿಲ್ಲಿಯವರು ಸುಮ್ಮನಿರುತ್ತಾರೆಯೇ? ವಿಧ್ವಂಸಕ ಕೃತ್ಯ ಎಂಬ ಮಾತು ಆಗಲೇ ಸೆಕ್ಯುರಿಟಿಯವರ ಬಾಯಿಂದ ಬಂದಾಗಿತ್ತು. ಪತ್ರಕ್ಕೆ ಪರೀಕ್ಷಕಳಾಗಿ ನನ್ನ ಸಹಿ ಬೇಕಿತ್ತು. ಟೈಪಾಗುವಷ್ಟರಲ್ಲಿ ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೇಳಿ ಗೋದಾಮಿಗೆ ಓಡಿದೆ.

ಓಡಿದೆ ಎಂದರೆ ನಿಜಕ್ಕೂ ಓಡಿದೆ. ತಲೆಯಲ್ಲಿ ಒಂದೇ ಸಂಗತಿ ಕುಟುಕುತ್ತಿತ್ತು. ಐದರಲ್ಲಿ ಒಂದು ಪೆಟ್ಟಿಗೆಯ ಬಿಲ್ಲೆಯ ಪಕ್ಕ ಕುಂಕುಮವಿತ್ತು. ನಿನ್ನೆ ನಾನು ನೀಲಿ ಕಂಡ ಪೆಟ್ಟಿಗೆಯೇ ಅದು. ಅಂದಮೇಲೆ ಬರುವಾಗಲೇ ಹೀಗಿದ್ದವು ಎಂಬುದು ಸುಳ್ಳು. ಆದದ್ದು ಇಲ್ಲೇ, ಒಂದು ರಾತ್ರಿಯಲ್ಲಿ. ಹೇಗೆ?

ಗೋದಾಮಿನಲ್ಲಿ ಸುಬೇದಾರರು ಪೆಟ್ಟಿಗೆಗಳ ಎದುರು ಅತ್ತಿಂದಿತ್ತ ನಡೆಯುತ್ತಿದ್ದರು. ನನ್ನನ್ನು ಕಂಡದ್ದೇ, "ಏನಂತ್ರಿ ಅಕ್ಕಾರ? ಏಳರ ಕೊಡ್ರಿ, ಏಳ ಒಯ್ತೀನಿ. ನಾಳಿ ಮಧ್ಯಾಹ್ನ ವಿಮಾನ ಹೊಕ್ಕೈತಿ, ಅದು ನನ್ನ ಸಲವಾಗಿ ನಿಲ್ಲೂದಿಲ್ಲ" ಎಂದರು.

ನಾನು ಕಾಕಾನನ್ನು ಕರೆದು ಪೆಟ್ಟಿಗೆಗಳನ್ನು ಹೇಗೆ ಇಳಿಸಿದಿರಿ, ಯಾವುದರ ಮೇಲೆ ಯಾವುದು ಇತ್ತು, ಸೂರು ಎಲ್ಲಾದರೂ ಸೋರಿತೇ ಎಂದು ಕೇಳುತ್ತ ಹೋದೆ. ಸೋರಿರಲಿಲ್ಲ. ಎತ್ತಿ ಹಾಕಿರಲಿಲ್ಲ. ಗುಲಾಬಿಯಾದವು ಒಂದು ಸಾಲಿನವೂ ಅಲ್ಲ, ಒಂದು ಮೂಲೆಯವೂ ಅಲ್ಲ. ನೆಲಕ್ಕೆ ಕೂತು ಕುಂಕುಮದ ಪೆಟ್ಟಿಗೆಯ ಮೈಯನ್ನು ಬೆರಳಿನಿಂದ ಸವರುತ್ತ ಬಂದೆ. ಅಂಚಿನ ರಬ್ಬರು ಸರಿಯಿತ್ತು. ಬಿಲ್ಲೆಯ ಕೆಳಗೆ ಒಂದು ಹಿತ್ತಾಳೆಯ ಗುಂಡಿ, ಅದರ ನಡುವೆ ಸಣ್ಣ ತೂತು. ಅದು ಪೆಟ್ಟಿಗೆಯ ಉಸಿರಾಟದ ಕವಾಟ. ವಿಮಾನ ಮೇಲೇರುವಾಗ ಒಳಗಿನ ಗಾಳಿ ಉಬ್ಬಿದರೆ ಹೊರಹೋಗಲೆಂದು ಇರುವುದು. ಒಳಗೆ ಸ್ಪ್ರಿಂಗಿನ ಒಂದು ಮುಚ್ಚಳ, ಉಳಿದ ಹೊತ್ತು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಮುಖ ಹತ್ತಿರ ಒಯ್ದೆ. ಗಂಧದ ವಾಸನೆ ಬಂತು.

ಸೆರಗಿನ ಪಿನ್ನು ಬಿಚ್ಚಿ ತೂತಿನೊಳಗೆ ಆಡಿಸಿದೆ. ಏನೋ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಹೊರಬಂದದ್ದು ಉಗುರಿನುದ್ದದ ಬಿದಿರಿನ ಚೂರು. ಊದಿನಕಡ್ಡಿಯ ಬುಡ.

ಕಡ್ಡಿ ಸಿಕ್ಕಿಸುವುದಕ್ಕೆ ನಮ್ಮ ಕೈ ತೂತು ಹುಡುಕುತ್ತದೆ. ಲೇತ್ ಮಶೀನಿನಲ್ಲಿ ಎಣ್ಣೆ ಹಾಕುವ ತೂತು, ಆಟೋದ ಡ್ಯಾಶ್‌ಬೋರ್ಡಿನ ಬಿರುಕು, ಅಂಗಡಿಯ ಗಲ್ಲಾಪೆಟ್ಟಿಗೆಯ ಬೀಗದ ಕಿಂಡಿ. ಬಾಳೆಹಣ್ಣು ಸಿಗದಿದ್ದರೆ ಯಾವ ತೂತಾದರೂ ನಡೆಯುತ್ತದೆ. ಇಲ್ಲಿ ಹನ್ನೆರಡು ಪೆಟ್ಟಿಗೆಗೂ ಹೇಳಿ ಮಾಡಿಸಿದಂಥ ಒಂದೊಂದು ತೂತು ಸಿಕ್ಕಿತ್ತು. ಪೂಜೆ ಮುಗಿದ ಮೇಲೆ ಬುಡಗಳನ್ನು ಕಿತ್ತಿದ್ದಾರೆ. ಪೂರಾ ಬಂದಲ್ಲಿ ಮುಚ್ಚಳ ಮುಚ್ಚಿಕೊಂಡಿದೆ. ಮುರಿದು ಒಳಗುಳಿದಲ್ಲಿ ಮುಚ್ಚಳ ಬಾಯಿ ತೆರೆದುಕೊಂಡೇ ಇದ್ದು ಇಡೀ ರಾತ್ರಿ ಮಳೆಗಾಲದ ಗಾಳಿ ಕುಡಿದಿದೆ. ಉಳಿದ ನಾಲ್ಕರಿಂದಲೂ ಚೂರುಗಳನ್ನು ತೆಗೆದೆ.

ಕಾಕಾ ನನ್ನ ಅಂಗೈಯಲ್ಲಿದ್ದ ಚೂರುಗಳನ್ನು ನೋಡುತ್ತ ಹಾಗೇ ಕುಸಿದು ಕೂತ. "ನಾನ ಹಚ್ಚಿಸೀನ್ರಿ ಬಾಯಾರ. ತೂತ ಕಂಡ್ವು, ಛಲೋ ಆತು ಅಂತ... ದೇವರಾಣಿ, ಒಳ್ಳೇದಾಗ್ಲಿ ಅಂತ ಹಚ್ಚಿಸೀನಿ."

ಸುಬೇದಾರರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಒಂದು ಚೂರು ಎತ್ತಿಕೊಂಡು ತಿರುಗಿಸಿ ನೋಡಿ ವಾಪಸು ಇಟ್ಟರು. "ಅದನ್ನೆಲ್ಲಾ ಆಮ್ಯಾಲ ಮಾತಾಡೂಣ್ರಿ. ಒಣಗಸಾಕ ಆಕ್ಕೈತೋ ಇಲ್ಲೋ, ಅದನ್ನ ಹೇಳ್ರಿ ಅಕ್ಕಾರ."

"ಆಕ್ಕೈತ್ರಿ. ಆದ್ರ ತಪ್ಪ ನಮ್ದು ಅಂತ ಒಪ್ಕೋಬೇಕು."

"ಮತ್ತ ಒಪ್ಕೋರಿ!" ಎಂದರು ಸುಬೇದಾರರು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಸಾಹೇಬರ ಕೋಣೆಗೆ ಹೋದಾಗ ಪತ್ರ ತಯಾರಾಗಿ ಮೇಜಿನ ಮೇಲಿತ್ತು. ತಜ್ಞ ಕಿಟಕಿಯ ಬಳಿ ನಿಂತು ಮಳೆ ನೋಡುತ್ತಿದ್ದ. "ಸಂತಕಂ ಪೆಟ್ಟಮ್ಮ" ಎಂದು ಸಾಹೇಬರು ತಮ್ಮ ತೆಲುಗಿನಲ್ಲಿ ಹೇಳಿ ಪೆನ್ನು ಮುಂದೆ ಚಾಚಿದರು, ಸಹಿ ಹಾಕು ಎಂದು. ಪೆನ್ನು ತೆಗೆದುಕೊಳ್ಳದೆ ಐದು ಚೂರುಗಳನ್ನು ಪತ್ರದ ಮೇಲೆ ಸಾಲಾಗಿ ಇಟ್ಟೆ. ಎಲ್ಲಿ ಸಿಕ್ಕವು ಎಂದು ಹೇಳಿದೆ. ಈ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ, ನನ್ನ ಬದಲು ಯಾರಾದರೂ ಹಾಕಿದರೆ ನಾನು ಕಂಡದ್ದನ್ನು ದಿಲ್ಲಿಗೇ ಬರೆಯುತ್ತೇನೆ ಎಂದೂ ಹೇಳಿದೆ.

ಸಾಹೇಬರ ಮುಖ ಕೆಂಪೇರಿತು. ಒಂದು ಚೂರನ್ನು ಎತ್ತಿ ಮೂಗಿನ ಹತ್ತಿರ ಒಯ್ದರು. ನಿನ್ನೆ ಎಲ್ಲರಿಗಿಂತ ಮೊದಲು ಕಡ್ಡಿ ಹಚ್ಚಿದವರು ಅವರೇ. ಕಾಕಾ ತೋರಿಸಿದ ತೂತಿಗೆ, ಕುಂಕುಮದ ಪೆಟ್ಟಿಗೆಗೆ, ಅವರ ಕೈಯೇ ಸಿಕ್ಕಿಸಿತ್ತು. ನಾನು ಅದನ್ನು ಆಡಿ ತೋರಿಸಲಿಲ್ಲ. ಅವರಿಗೂ ನೆನಪಾಗಿತ್ತು, ನನಗೂ ನೆನಪಿತ್ತು, ಅಷ್ಟು ಸಾಕಾಗಿತ್ತು. ಪತ್ರವನ್ನು ಎಳೆದುಕೊಂಡು ಅಡ್ಡಕ್ಕೆ ಹರಿದರು.

ತಜ್ಞ ಹತ್ತಿರ ಬಂದು, "ಇದೇನು?" ಎಂದು ಕೇಳಿದ. ಧೂಪದ ಕಡ್ಡಿ ಎಂದೆ. "ಯಾಕೆ ಇಡುತ್ತೀರಿ?" ಎಂದ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ಒಯ್ಯುವವರಿಗೆ ಒಳ್ಳೆಯದಾಗಲಿ ಎಂದು, ಅಂದೆ. ಅವನು ನಗಲಿಲ್ಲ. "ಜಾಗ ಸರಿ ಇರಲಿಲ್ಲ" ಎಂದಷ್ಟೇ ಹೇಳಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ.

ಒಣಗಿಸುವ ವಿಧಾನ ಹೇಳಿದರೆ ಸುಲಭ. ಕ್ಯಾಮರಾದ ಮೈಯಲ್ಲಿ ಎರಡು ತಿರುಪು ಇರುತ್ತವೆ. ಎರಡನ್ನೂ ಬಿಚ್ಚಿ ಒಂದು ಬದಿಯಿಂದ ಒಣ ಸಾರಜನಕವನ್ನು ನಿಧಾನವಾಗಿ ಬಿಡಬೇಕು, ಇನ್ನೊಂದು ಬದಿಯಿಂದ ಒಳಗಿನ ತೇವದ ಗಾಳಿ ಹೊರಬರುತ್ತದೆ. ಹೊರಬರುವ ಗಾಳಿ ಎಷ್ಟು ಒಣಗಿದೆಯೆಂದು ಮೀಟರು ತೋರಿಸುತ್ತದೆ. ಮುಳ್ಳು ಕೆಂಪು ಗೆರೆಯ ಕೆಳಗಿಳಿದು ಅಲ್ಲೇ ನಿಂತರೆ ತಿರುಪು ಬಿಗಿಯುವುದು. ಸಾರಜನಕ ನಮ್ಮಲ್ಲಿತ್ತು, ಮೀಟರು ಇತ್ತು. ಇಲ್ಲದಿದ್ದದ್ದು ನಳಿಕೆ. ಅವನ ನಳಿಕೆ ಕಳೆದುಹೋದ ಸೂಟ್‌ಕೇಸಿನಲ್ಲಿತ್ತು. ನಮ್ಮ ನಳಿಕೆಯ ಥ್ರೆಡ್ಡು, ಅಂದರೆ ತಿರುಪಿನ ಸುತ್ತು, ಇಂಚಿನ ಅಳತೆಯದು, ಅವರ ಕ್ಯಾಮರಾದ್ದು ಮಿಲಿಮೀಟರಿನದು. ಎರಡು ಸುತ್ತು ಹೋಗಿ ಕಚ್ಚಿಕೊಂಡು ನಿಂತುಬಿಟ್ಟಿತು.

ಎರಡೂ ಥ್ರೆಡ್ಡು ಇರುವ ಹಿತ್ತಾಳೆಯ ಜೋಡಣೆಯೊಂದನ್ನು ಟೂಲ್‌ರೂಮಿನವರಿಂದ ಲೇತಿನಲ್ಲಿ ಕಡೆಸಿದೆ. ಮೊದಲನೆಯದು ಸೋರಿತು. ಸೋಪಿನ ನೊರೆ ಹಚ್ಚಿದರೆ ಬುಳುಬುಳು ಗುಳ್ಳೆ. ಎರಡನೆಯದನ್ನು ಕಡೆಯುತ್ತಿದ್ದಾಗ ಕರೆಂಟು ಹೋಯಿತು. ಜನರೇಟರು ಶುರುವಾಗುವ ತನಕ ನಾನು, ತಜ್ಞ, ಸುಬೇದಾರರು ಮೂವರೂ ನಿಂತ ಲೇತನ್ನು ನೋಡುತ್ತ ನಿಂತೆವು. ಸುಬೇದಾರರು ಕೈ ಹಿಸುಕಿಕೊಳ್ಳುತ್ತಿದ್ದರು. ನನಗಂತೂ ಮಶೀನನ್ನು ಕೈಯಲ್ಲೇ ತಿರುಗಿಸಿಬಿಡೋಣ ಎನ್ನಿಸುತ್ತಿತ್ತು. ಎರಡನೆಯ ಜೋಡಣೆ ಕೂತಿತು. ಗುಳ್ಳೆ ಇಲ್ಲ.

ಆಮೇಲೆ ಬರೀ ಕಾಯುವ ಕೆಲಸ, ನನ್ನ ಜಾಯಮಾನಕ್ಕೆ ಸ್ವಲ್ಪವೂ ಆಗದ ಕೆಲಸ. ಸಾರಜನಕವನ್ನು ಜೋರಾಗಿ ಬಿಟ್ಟರೆ ಒಳಗಿನ ತೆಳು ಗಾಜು ಒಡೆಯುತ್ತದೆ. ನಾನು ಎರಡು ಸಲ ನಲ್ಲಿ ತಿರುಗಿಸಲು ಕೈ ಚಾಚಿದೆ, ಎರಡು ಸಲವೂ ತಜ್ಞ ಏನೂ ಹೇಳದೆ ನನ್ನ ಕೈ ಪಕ್ಕಕ್ಕೆ ಸರಿಸಿದ. ಮುಳ್ಳು ಇಳಿಯುತ್ತಿತ್ತು, ನಿಲ್ಲುತ್ತಿತ್ತು, ಸ್ವಲ್ಪ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ನಡುವೆ ಅವನು ಒಂದೇ ಒಂದು ಸ್ವಂತ ಮಾತಾಡಿದ. ಈ ಕ್ಯಾಮರಾಗಳಲ್ಲಿ ಎರಡು ತನ್ನ ಮಗನ ತುಕಡಿಯಿಂದ ಬಂದವಂತೆ. ಅವರು ಕೊಡಲು ಒಪ್ಪಿರಲಿಲ್ಲವಂತೆ. ಕೇಳಿದ ಮೇಲೆ ನಾನು ನಲ್ಲಿಯ ತಂಟೆಗೆ ಹೋಗಲಿಲ್ಲ.

ಸಂಜೆಯ ಹೊತ್ತಿಗೆ ಐದೂ ಒಣಗಿ ಕೋಲ್ಡ್ ಚೇಂಬರ್ ಸೇರಿದವು. ಅದು ಹಿಮಾಲಯದ ಚಳಿಯನ್ನು ಹುಟ್ಟಿಸುವ ಕಬ್ಬಿಣದ ಕೋಣೆ. ಬೆಳಗಿನವರೆಗೆ ಅಲ್ಲೇ ಇದ್ದು ಗಾಜು ತಿಳಿಯಾಗಿಯೇ ಉಳಿದರೆ ಪಾಸು. ಮನೆಗೆ ಹೋದೆ. ನಾರಾಯಣಗೂಡದ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಯಜಮಾನರು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. "ಪಾಸಾದ್ರೇನ?" ಎಂದು ಕೇಳಿದರು, ಅವರ ಮಾಮೂಲಿ ಚೇಷ್ಟೆ. ನಾಳೆ ಗೊತ್ತಾಗುತ್ತದೆ ಎಂದೆ. ಏನು ಎತ್ತ ಹೇಳುವಂತಿರಲಿಲ್ಲ. ನಿದ್ದೆಯೂ ಬರಲಿಲ್ಲ.

ಬೆಳಗ್ಗೆ ಚೇಂಬರಿನ ಬಾಗಿಲಿಗೆ ನಾನು ಹೋಗುವ ಮೊದಲೇ ಸುಬೇದಾರರು ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದರು. ಕ್ಯಾಮರಾಗಳನ್ನು ಚಳಿಯಲ್ಲೇ ಚಾಲೂ ಮಾಡಿ ಹೊರಗಿನ ಪರದೆಯಲ್ಲಿ ಒಂದೊಂದನ್ನೇ ನೋಡಿದೆವು. ಒಂದು, ಎರಡು, ಮೂರು, ನಾಲ್ಕು, ಚೊಕ್ಕ. ಐದನೆಯದರ ಅಂಚಿನಲ್ಲಿ ತೆಳ್ಳಗೆ ಹಾಲಿನಂಥ ಒಂದು ಪೊರೆ. ನೋಡುನೋಡುತ್ತಿದ್ದ ಹಾಗೆ ನಡುವಿನ ಕಡೆಗೆ ಹಬ್ಬಿತು. ಒಳಗಿನ ರಬ್ಬರೇ ಹೋಗಿದೆ, ಇಲ್ಲಿ ಆಗುವ ಕೆಲಸವಲ್ಲ ಎಂದ ತಜ್ಞ.

"ಅದನ್ನೂ ಕೊಡ್ರಿ" ಎಂದರು ಸುಬೇದಾರರು.

"ಅದ ಬ್ಯಾಡ್ರಿ."

"ಅಕ್ಕಾರ, ಅರ್ಧ ಕಂಡ್ರೂ ಕಂಡಂಗ. ಅಲ್ಲಿ ಏನೂ ಇಲ್ದ ಏರಾಕತ್ತಾರ ಅಂತ ಹೇಳೀನಿಲ್ಲೋ? ಒಂದ ತುಕಡಿಗೆ ಒಂದ ಬರ್ತೈತಿ. ಇದನ್ನ ಬಿಟ್ಟು ಹೋದ್ರ ಒಂದ ತುಕಡಿ ಹಂಗ ಹೊಕ್ಕೈತಿ."

ಆ ತುಕಡಿಯ ಹುಡುಗರನ್ನು ನಾನೇ ಆರಿಸಿ ಪಕ್ಕಕ್ಕೆ ನಿಲ್ಲಿಸಿದಂತೆ ಅನ್ನಿಸಿತು. "ಸುಬೇದಾರ ಸಾಹೇಬರ, ಏನೂ ಇಲ್ಲದಂವ ಹುಷಾರ ಇರ್ತಾನ್ರಿ. ಇದು ಕೈಯಾಗಿದ್ರ ನಂಬಿ ಏರ್ತಾನ. ನಡುದಾರ್ಯಾಗ ಮಂಜ ಮುಚ್ಚಿದ್ರ ಏನ ಮಾಡ್ತಾನ?" ಎಂದೆ.

ಅವರು ಪರದೆಯನ್ನೇ ನೋಡುತ್ತ ನಿಂತರು. ಆ ಹೊತ್ತಿಗೆ ಪೊರೆ ಇಡೀ ಗಾಜು ಮುಚ್ಚಿತ್ತು. "ಇರ್ಲಿ ಬಿಡ್ರಿ" ಎಂದು ಚೀಲ ಸರಿಮಾಡಿಕೊಂಡರು. ಹನ್ನೊಂದು ಪೆಟ್ಟಿಗೆ ಹೊತ್ತ ಲಾರಿ ಬೇಗಂಪೇಟೆಗೆ ಹೊರಟಾಗ ಗೇಟಿನಲ್ಲಿ ತೆಂಗಿನಕಾಯಿ ಒಡೆಯುವವರು ಯಾರೂ ಇರಲಿಲ್ಲ. ಕಾಕಾ ಅಲ್ಲಿ ಕಾಣಲಿಲ್ಲ.

ಆ ವಾರವೇ ಕಾಕಾನಿಗೆ ಮೆಮೊ ಬಂತು. ಗೋದಾಮಿನ ಅಜಾಗರೂಕತೆ ಎಂದು ಬರೆದು ಅವನನ್ನು ಕಾರ್ಖಾನೆಯ ಹಿಂಭಾಗದ ಗುಜರಿ ಅಂಗಳಕ್ಕೆ ಹಾಕಿದರು. ನಾನು ಸಾಹೇಬರ ಬಳಿ ಹೋಗಿ ಜಗಳ ಕಾದೆ. ಕೊಬ್ಬರಿ ತಿಂದವರು ನಾವೆಲ್ಲರೂ, ಆರತಿ ಎತ್ತಿದವರು ನೀವು, ಗುಜರಿಗೆ ಹೋಗುವುದು ಅವನೊಬ್ಬನೇಕೆ ಎಂದೆ. "ದಿಲ್ಲಿಗೆ ಒಂದು ಹೆಸರು ಬೇಕಿತ್ತಮ್ಮ" ಎಂದರು. ತಲೆ ಎತ್ತಿ ನನ್ನನ್ನು ನೋಡಲಿಲ್ಲ. ತಪ್ಪು ಒಪ್ಪಿಕೊಂಡದ್ದರಿಂದ ಮಾಲು ಯುದ್ಧಕ್ಕೆ ಹೋಗಿ ಮುಟ್ಟಿತು, ಸರಿ. ಒಪ್ಪಿಕೊಂಡವರು ನಾವು, ತೆತ್ತವನು ಅವನು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಯುದ್ಧ ಇನ್ನೂ ನಡೆಯುತ್ತಿತ್ತು. ಪೇಪರಿನಲ್ಲಿ ಒಂದು ಶಿಖರ ಕೈವಶ ಎಂದು ಬಂದಾಗಲೆಲ್ಲ ನಮ್ಮ ಪೆಟ್ಟಿಗೆ ಅಲ್ಲಿತ್ತೇ ಎಂದು ಯೋಚಿಸುತ್ತಿದ್ದೆ. ಸತ್ತವರ ಹೆಸರು ಬಂದಾಗ ಯೋಚಿಸದಿರಲು ನೋಡುತ್ತಿದ್ದೆ. ಬಿಟ್ಟುಹೋದ ಐದನೆಯ ಕ್ಯಾಮರಾ ನನ್ನ ಕಪಾಟಿನಲ್ಲೇ ಇತ್ತು, ಅವರ ದೇಶಕ್ಕೆ ವಾಪಸು ಕಳಿಸುವ ತನಕ. ಕಪಾಟು ತೆಗೆದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಮೇಜಿನ ಫೋನು ಹೊಡೆದುಕೊಂಡಿತು. ಎಲ್ಲಿಂದಲೋ ಎಲ್ಲಿಗೋ ಜೋಡಿಸಿ ಜೋಡಿಸಿ ತಂದ ಲೈನು, ಬರೀ ಗೊರಗೊರ. ಅದರ ನಡುವೆ ದೂರದಿಂದ ಒಂದು ಧ್ವನಿ ಕೂಗಿತು.

"ಅಕ್ಕಾರ... ಗಾಜ ಚೊಕ್ಕ ಐತ್ರಿ. ಎಲ್ಲಾ ಕಾಣಾಕತ್ತೈತಿ. ಕಾಕಾಗ ಹೇಳ್ರಿ..."

ಲೈನು ಹೋಯಿತು. ಏನು ಹೇಳಬೇಕೆಂದಿದ್ದರೋ ಗೊತ್ತಾಗಲಿಲ್ಲ. ಹೇಳಬೇಕಾದದ್ದು ಅಷ್ಟೇ ಇತ್ತೇನೋ.

ಗುಜರಿ ಅಂಗಳಕ್ಕೆ ನಡೆದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಾಕಾ ಒಂದು ಮುರಿದ ಸ್ಟೂಲಿನ ಮೇಲೆ ಕೂತು ತಾಮ್ರ, ಕಬ್ಬಿಣ ಬೇರೆ ಮಾಡುತ್ತಿದ್ದ. ಸುಬೇದಾರರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳಿದೆ.

"ಖರೇನ್ರಿ ಬಾಯಾರ?"

"ಖರೇ ಕಾಕಾ. ಈಗ ಫೋನ್ ಬಂದಿತ್ತು."

ಅವನು ಎದ್ದು ನಲ್ಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದ. ಅಂಗಿಯ ಜೇಬಿನಿಂದ ಒಂದು ಊದಿನಕಡ್ಡಿ ತೆಗೆದು ಹಚ್ಚಿದ. ಬಡಗಣ ದಿಕ್ಕಿಗೆ ಮುಖ ಮಾಡಿ ನಿಂತ. ಅವನ ಸುತ್ತ ತುಕ್ಕು ಹಿಡಿದ ಪೈಪುಗಳು, ನಟ್ಟುಗಳು, ತೂತು ಕೊರೆದ ತಗಡುಗಳು ಎದೆಮಟ್ಟ ಬಿದ್ದಿದ್ದವು. ಕಾಕಾ ಯಾವುದಕ್ಕೂ ಸಿಕ್ಕಿಸಲಿಲ್ಲ. ಕಡ್ಡಿ ಬುಡದವರೆಗೆ ಉರಿದು, ಬೂದಿ ಮಣಿಕಟ್ಟಿನ ಮೇಲೆ ಬೀಳುವ ತನಕ ಕೈಯಲ್ಲೇ ಹಿಡಿದುಕೊಂಡಿದ್ದ.